ನೆಲ ಡೊಂಕಲ್ಲ ಸ್ವಾಮಿ!

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶಿಮ್ಲಾದ ಹಳೆಯ ಸರ್ಕಾರಿ ಬಂಗಲೆಗಳ ಮಟ್ಟಿಗೆ ಈ ಗಾದೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ: ರಿಪೇರಿ ಮಾಡಲಾರದವನು ನೆಲವೇ ಕೆಟ್ಟಿದೆ ಎಂದನಂತೆ. ನೂರು, ನೂರಿಪ್ಪತ್ತು ವರ್ಷಗಳ ತುಳಿತವನ್ನು ತಡೆದುಕೊಂಡ ಮರದ ಹಲಗೆಗಳನ್ನು ಕಿತ್ತೆಸೆದು, ಅಲ್ಲಿ ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಸುವುದಕ್ಕೆ ಈಗ ‘ನವೀಕರಣ’ ಎಂದು ಹೆಸರು. ಇದು ನವೀಕರಣವಲ್ಲ, ನಾಶ ಎಂದು ಹೇಳುವುದಕ್ಕಾಗಿಯೇ ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ದೆಹಲಿಯ ಕನ್ನಡಿಗರಿಗೆ ಇದರಿಂದ ಆಗಬೇಕಾದ್ದೇನು ಎಂದು ಕೆಲವರು ಕೇಳಬಹುದು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಲ್ಕಾದಲ್ಲಿ ಪುಟ್ಟ ರೈಲು ಹತ್ತದವರು ನಮ್ಮಲ್ಲಿ ಕಡಮೆ. ಅದಕ್ಕಿಂತ ಮುಖ್ಯವಾಗಿ, ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಶಿಮ್ಲಾ ಒಂದು ರೀತಿಯಲ್ಲಿ ಪೂರ್ವಿಕರ ಊರು. 1864ರಿಂದ ಅದು ಬೇಸಿಗೆಯ ರಾಜಧಾನಿ. ಕಾಲ್ಕಾ–ಶಿಮ್ಲಾ ರೈಲು ಬಂದದ್ದು 1903ರಲ್ಲಿ. ಅದಕ್ಕೆ ಮೊದಲು ಕಡತಗಳೂ ಗುಮಾಸ್ತರೂ ಬೆಟ್ಟದ ರಸ್ತೆಯಲ್ಲಿ ಗಾಡಿಗಳ ಮೇಲೆ ಏರಿ ಹೋದರು. ಆ ಹಲಗೆಗಳನ್ನು ಸವೆಸಿದ್ದು ಲಾಟ್ ಸಾಹೇಬರ ಬೂಟುಗಳಿಗಿಂತ ಹೆಚ್ಚಾಗಿ ಗುಮಾಸ್ತರ ಪಾದರಕ್ಷೆಗಳು. ‘ಬಿಳಿಯರ ಪಳೆಯುಳಿಕೆ, ಹೋದರೆ ಹೋಗಲಿ’ ಎನ್ನುವ ದೇಶಭಕ್ತರು ಇದನ್ನು ನೆನಪಿಡಬೇಕು. ಮರ ಕಡಿದವನು, ಬೆಟ್ಟದ ಮೇಲಕ್ಕೆ ಹೊತ್ತವನು, ಕೊಯ್ದು ನುಣುಪು ಮಾಡಿ ಮೊಳೆ ಹೊಡೆದವನು ಯಾರು? ನಮ್ಮವನೇ ಅಲ್ಲವೇ?

ಈ ಹಲಗೆಗಳು ಎಂಥವು ಎಂಬುದನ್ನು ತಿಳಿಯದೆ ಅವುಗಳ ಬೆಲೆ ತಿಳಿಯದು. ಬಹುಪಾಲು ದೇವದಾರು, ಅದರ ಜೊತೆಗೆ ‘ಕೈಲ್’, ‘ಚೀಲ್’ ಎಂದು ಅಲ್ಲಿಯವರು ಕರೆಯುವ ಪೈನ್ ಜಾತಿಯ ಮರಗಳು. ಅಂದು ಕಡಿದದ್ದು ತಲೆಮಾರುಗಳ ಕಾಲ ನಿಧಾನವಾಗಿ ಬೆಳೆದ ಮರಗಳನ್ನು. ಹಾಗಾಗಿ ಅವುಗಳ ವಾರ್ಷಿಕ ಉಂಗುರಗಳು ಒತ್ತೊತ್ತಾಗಿವೆ, ಮರ ಗಟ್ಟಿಯಾಗಿದೆ. ದೇವದಾರಿನಲ್ಲಿ ಸಹಜವಾಗಿಯೇ ಇರುವ ಎಣ್ಣೆ ಹುಳುವನ್ನೂ ಶಿಲೀಂಧ್ರವನ್ನೂ ದೂರವಿಡುತ್ತದೆ. ಇಂದು ಅಂಥ ಮರ ಬೇಕೆಂದರೆ ಎಲ್ಲಿಂದ ತರುತ್ತೀರಿ? 1996ರ ಡಿಸೆಂಬರಿನಲ್ಲಿ ಗೋದವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಡು ಕಡಿಯುವುದಕ್ಕೆ ಕಡಿವಾಣ ಹಾಕಿದ ಮೇಲೆ ಹಸಿರು ಮರದ ಮಾತೇ ಬೇರೆಯಾಗಿದೆ. ಕಾಡಿನಲ್ಲಿ ಮರ ಉಳಿಸಿ ಎಂದು ಭಾಷಣ ಮಾಡುವ ನಾವೇ, ಕೋಣೆಯೊಳಗಿರುವ ನೂರು ವರ್ಷದ ಮರವನ್ನು ಸೌದೆಯ ಬೆಲೆಗೆ ಹರಾಜು ಹಾಕುತ್ತೇವೆ!

ಹಲಗೆಗಳ ಮೇಲೆ ಹೊರಿಸುವ ಆರೋಪಗಳು ಮುಖ್ಯವಾಗಿ ಮೂರು. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು: ಕಿರುಗುಟ್ಟುತ್ತದೆ, ಸಂದು ಬಿಟ್ಟಿದೆ. ಮರ ಚಳಿಗಾಲದಲ್ಲಿ ಬುಖಾರಿಯ ಶಾಖಕ್ಕೆ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಇದು ಅದರ ಧರ್ಮ. ಕಿರುಗುಟ್ಟುವುದು ಬಹಳ ಸಲ ಸಡಿಲಗೊಂಡ ಮೊಳೆಯಿಂದ. ಅಲ್ಲಿ ಸ್ಕ್ರೂ ಹಾಕಿ ಬಿಗಿದರೆ ಸದ್ದಡಗುತ್ತದೆ. ದೊಡ್ಡ ಸಂದಿಗೆ ಅದೇ ಜಾತಿಯ ಮರದ ತೆಳು ಪಟ್ಟಿಯನ್ನು ಒಂದು ಬದಿಗೆ ಮಾತ್ರ ಅಂಟು ಹಚ್ಚಿ ಕೂರಿಸಬೇಕು, ಹಲಗೆಗೆ ಹಿಗ್ಗಿ ಕುಗ್ಗಲು ಎಡೆ ಇರಬೇಕು. ಇಷ್ಟು ಕೆಲಸಕ್ಕೆ ಇಡೀ ನೆಲವನ್ನೇ ಕೀಳಿಸುವುದು, ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಎರಡನೆಯದು: ಕೊಳೆತಿದೆ. ನಿಜ, ಕೆಲವು ಕಡೆ ಕೊಳೆತಿದೆ. ಆದರೆ ಏಕೆ ಕೊಳೆಯಿತು ಎಂದು ಯಾರಾದರೂ ಕೇಳಿದರೇ? ಮರ ತಾನಾಗಿ ಕೊಳೆಯುವುದಿಲ್ಲ. ಅದರಲ್ಲಿನ ತೇವಾಂಶ ಶೇಕಡ 20ನ್ನು ದಾಟಿ ಹಾಗೆಯೇ ನಿಂತಾಗ ಶಿಲೀಂಧ್ರ ಹಿಡಿಯುತ್ತದೆ. ಯೂರೋಪಿನ ಹಳೆಯ ಮನೆಗಳನ್ನು ತಿಂದುಹಾಕುವ ‘ಸರ್ಪುಲಾ ಲ್ಯಾಕ್ರಿಮ್ಯಾನ್ಸ್’ ಎಂಬ ಶಿಲೀಂಧ್ರ ಹಿಮಾಲಯದ ಕಾಡುಗಳಲ್ಲಿ ಸಹಜವಾಗಿಯೇ ಇದೆ. ಇದನ್ನು ಬಲ್ಲ ಹಳೆಯ ಮೇಸ್ತ್ರಿಗಳು ನೆಲದ ಹಲಗೆಯ ಕೆಳಗೆ ಟೊಳ್ಳು ಬಿಟ್ಟು, ಹೊರಗೋಡೆಯ ಬುಡದಲ್ಲಿ ಗಾಳಿಕಿಂಡಿ ಇಟ್ಟರು. ನಮ್ಮ ಕಾಲದವರು ಹೊರಗೆ ಕಾಂಕ್ರೀಟ್ ಕಟ್ಟೆ ಕಟ್ಟಿ ಆ ಕಿಂಡಿಗಳನ್ನು ಮುಚ್ಚಿದರು, ಸೋರುವ ದೋಣಿಯನ್ನು ಹಾಗೆಯೇ ಬಿಟ್ಟರು. ಉಸಿರು ಕಟ್ಟಿಸಿದವರು ನಾವು. ಸತ್ತದ್ದಕ್ಕೆ ಹೊಣೆ ಮರದ್ದು!

ಮೂರನೆಯದು ಹಗುರವಾಗಿ ತೆಗೆದುಕೊಳ್ಳುವ ಮಾತಲ್ಲ: ಬೆಂಕಿ. 1981ರಲ್ಲಿ ಪೀಟರ್‌ಹಾಫ್ ಸುಟ್ಟಿತು, 1993ರಲ್ಲಿ ವೈಲ್ಡ್‌ಫ್ಲವರ್ ಹಾಲ್, 2014ರ ಜನವರಿಯಲ್ಲಿ ಗಾರ್ಟನ್ ಕ್ಯಾಸಲ್‌ಗೆ ಬೆಂಕಿ ಬಿತ್ತು. ಆದರೆ ಕಬ್ಬಿಣದಿಂದ ಕಟ್ಟಿದ ರೈಲ್ವೆ ಬೋರ್ಡ್ ಕಟ್ಟಡಕ್ಕೂ 2001ರಲ್ಲಿ ಬೆಂಕಿ ಬಿದ್ದಿತಲ್ಲ! ಒಂದಂಗುಲದ ಹಲಗೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಂಡ ಮೇಲೂ ನಿಮಿಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಕರಿಯಾಗುತ್ತ ಹೋಗುತ್ತದೆ. ಮೊದಲು ಬದಲಾಯಿಸಬೇಕಾದದ್ದು ಹಳೆಯ ವಿದ್ಯುತ್ ತಂತಿಗಳನ್ನು, ಹೊರಗೆ ಹಾಕಬೇಕಾದದ್ದು ಮೂಲೆಮೂಲೆಯ ರದ್ದಿ ಕಡತಗಳನ್ನು. ಹೊಗೆಯ ಎಚ್ಚರಿಕೆ ಗಂಟೆ, ನೀರಿನ ತೊಟ್ಟಿ ಬೇಕು. ನೆಲ ಮಾತ್ರ ಕಿತ್ತರೆ ಮಾಡು, ಮೆಟ್ಟಿಲು, ಬಾಗಿಲುಗಳ ಮರ ಸುಡುವುದಿಲ್ಲವೇ?

ಇನ್ನು ಟೈಲ್ಸ್ ಮಹಾಶಯನ ಗುಣ ನೋಡಿ. ಒಂದಂಗುಲದ ದೇವದಾರು ಹಲಗೆ ಚದರ ಮೀಟರಿಗೆ ಹದಿನಾಲ್ಕು ಹದಿನೈದು ಕಿಲೋ ತೂಗುತ್ತದೆ. ನಾಲ್ಕು ಸೆಂಟಿಮೀಟರ್ ಸಿಮೆಂಟು ಗಾರೆ ಸುರಿದು ಟೈಲ್ಸ್ ಕೂರಿಸಿದರೆ ನೂರು ಕಿಲೋದ ಆಸುಪಾಸು. ಹಳೆಯ ತೊಲೆಗಳ ಮೇಲೆ ಏಳು ಪಾಲು ಭಾರ ಹೇರುತ್ತಿರುವುದು ಎಲ್ಲಿ? 1905ರ ಕಾಂಗ್ಡಾ ಭೂಕಂಪವನ್ನು ಕಂಡ ಬೆಟ್ಟಸಾಲಿನಲ್ಲಿ! ಅಲ್ಲಿ ಕಟ್ಟಡ ಹಗುರವಾದಷ್ಟೂ ಪ್ರಾಣ ಭದ್ರ. ಚಳಿಯಲ್ಲಿ ಆ ಟೈಲ್ಸಿನ ಮೇಲೆ ಕಾಲಿಟ್ಟು ಹಗಲಿಡೀ ಕೂತು ಕೆಲಸ ಮಾಡಿದ ನಮ್ಮಂಥವರನ್ನು ಕೇಳಿದರೆ ಉಳಿದದ್ದನ್ನು ಹೇಳುತ್ತೇವೆ.

ಹಲಗೆ ಉಳಿಸುತ್ತೇವೆಂದು ಹೊರಟವರೂ ಕೆಲವೊಮ್ಮೆ ಕಿತ್ತವರಿಗಿಂತ ಮೇಲಲ್ಲ. ಗುತ್ತಿಗೆದಾರ ದೊಡ್ಡ ಉಜ್ಜುವ ಯಂತ್ರ ತಂದು, ಮೊಳೆಯ ತಲೆಗಳನ್ನು ತಗ್ಗಿಸದೆ, ಒರಟು ಸ್ಯಾಂಡ್ ಪೇಪರಿನಿಂದ ಅಡ್ಡಾದಿಡ್ಡಿ ಕೆರೆಯುತ್ತಾನೆ. ಒಂದು ಸಲ ಹೀಗೆ ಉಜ್ಜಿದರೆ ಸುಮಾರು ಒಂದು ಮಿಲಿಮೀಟರ್ ಮರ ಹೋಗುತ್ತದೆ. ಒಂದಕ್ಕೊಂದು ಕಚ್ಚಿಕೊಳ್ಳುವ ಹಲಗೆಗಳಲ್ಲಿ ನಾಲಗೆಯ ಮೇಲೆ ಇರುವ ಮರವೇ ಆರೇಳು ಮಿಲಿಮೀಟರ್. ಎಷ್ಟು ಸಲ ಉಜ್ಜುತ್ತೀರಿ? ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಬಹಳ, ಒಣಗಿದ್ದನ್ನು ಉಜ್ಜಿದರೆ ವಿಷದ ಧೂಳು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಾದು ತಾನೇ ಹೊತ್ತಿಕೊಳ್ಳಬಹುದು. ಇವೆಲ್ಲ ಕಾಲೇಜಿನ ರಸಾಯನಶಾಸ್ತ್ರದ ಮೊದಲ ಪಾಠಗಳು.

ಸರಿಯಾಗಿ ಮಾಡಲಾಗದೇ? ಆಗುತ್ತದೆ. 1887ರಲ್ಲಿ ತೆರೆದ ಶಿಮ್ಲಾದ ಗೇಟಿ ಥಿಯೇಟರ್ ವರ್ಷಗಳ ಜೀರ್ಣೋದ್ಧಾರದ ನಂತರ 2009ರಲ್ಲಿ ಮತ್ತೆ ಬಾಗಿಲು ತೆರೆಯಿತು. ಹೊಣೆ ಹೊತ್ತವರು ಮುಂಬಯಿಯ ಪೃಥ್ವಿ ಥಿಯೇಟರನ್ನು ರೂಪಿಸಿದ ವಾಸ್ತುಶಿಲ್ಪಿ ವೇದ್ ಸೆಗಾನ್.

ಹಾಗಿದ್ದರೂ ಬಂಗಲೆಗಳಲ್ಲಿ ಟೈಲ್ಸೇ ಏಕೆ ಗೆಲ್ಲುತ್ತದೆ? ಉತ್ತರ ಮರದಲ್ಲಿಲ್ಲ, ಕಡತದಲ್ಲಿದೆ. ಹೊಸ ಟೈಲ್ಸನ್ನು ಚದರ ಮೀಟರಿನಲ್ಲಿ ಅಳೆದು ಬಿಲ್ಲು ಬರೆಯುವುದು ಸುಲಭ. ಬಡಗಿಯೊಬ್ಬ ಹಲಗೆ ಹಲಗೆಯನ್ನೂ ತಟ್ಟಿ ನೋಡಿ, ಹತ್ತರಲ್ಲಿ ಒಂದನ್ನು ಬದಲಿಸಿ, ಉಳಿದ ಒಂಬತ್ತನ್ನು ಉಳಿಸಿದರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಮಾರ್ಚ್ 31ರೊಳಗೆ ಅನುದಾನ ಮುಗಿಸುವ ಅವಸರಕ್ಕೆ ಬಡಗಿಯ ತಾಳ್ಮೆ ಹೊಂದುವುದಿಲ್ಲ. ಉಳಿಸಿದ ಹಲಗೆಗೆ ಉದ್ಘಾಟನೆಯೂ ಇಲ್ಲ, ಫಲಕವೂ ಇಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಮೊದಲು ಗಾಳಿಕಿಂಡಿ ಮತ್ತು ಮಾಡಿನ ದೋಣಿ, ಆಮೇಲೆ ನೆಲ. ಕೊಳೆತಷ್ಟನ್ನು ಮಾತ್ರ ಕತ್ತರಿಸಿ, ಒಡೆದ ಬೇರೆ ಕಟ್ಟಡಗಳ ಹಳೆಯ ಮರದಿಂದಲೇ ತೇಪೆ ಹಾಕಲಿ. ಕಿತ್ತ ಮರ ಹರಾಜಿಗೆ ಹೋಗದೆ ಉಗ್ರಾಣದಲ್ಲಿರಲಿ. ಬಡಗಿಯ ದಿನಗೂಲಿಗೆ ಎಸ್ಟಿಮೇಟಿನಲ್ಲಿ ಜಾಗವಿರಲಿ. ನಮ್ಮ ಸಂಘದ ಸದಸ್ಯರಲ್ಲಿ ಇಂಥ ಕಡತಗಳಿಗೆ ಟಿಪ್ಪಣಿ ಬರೆಯುವವರೂ ಸಹಿ ಹಾಕುವವರೂ ಇದ್ದಾರೆ. ಮುಂದಿನ ಸಲ ‘ನೆಲ ಸಂಪೂರ್ಣ ಶಿಥಿಲ, ಟೈಲ್ಸ್ ಅಳವಡಿಸಬಹುದು’ ಎಂಬ ಪ್ರಸ್ತಾಪ ಮೇಜಿಗೆ ಬಂದಾಗ, ಅಂಚಿನಲ್ಲಿ ಒಂದೇ ಒಂದು ಪ್ರಶ್ನೆ ಬರೆದು ಹಿಂದಕ್ಕೆ ಕಳಿಸಿ: ಹಲಗೆ ಎತ್ತಿ ಕೆಳಗೆ ನೋಡಿದ್ದೀರಾ?