ಹಿಂಡಿಗೆ ಪುಡಿ ಉದುರಿಸಿದರೆ ಸಾಕೆ?

‘ತಿಪಟೂರು ಸೀಮೆಯಲ್ಲಿ ಕೊಬ್ಬರಿ ಹಿಂಡಿಗೇನು ಬರ? ಅಮೈನೊ ಆಮ್ಲದ ಪುಡಿ ಬೆರೆಸಿ ಹಾಕಿ, ಕೃಷಿಹೊಂಡದ ಮೀನು ದಷ್ಟಪುಷ್ಟ’ ಎಂಬ ಲೇಖನದಲ್ಲಿ ಅರ್ಧ ನಿಜವಿದೆ. ಸಾಮಾನ್ಯ ಗೆಂಡೆಗೆ ಆಹಾರದ ಪ್ರತಿ 100 ಗ್ರಾಂ ಪ್ರೋಟೀನಿನಲ್ಲಿ ಸುಮಾರು 5.7 ಗ್ರಾಂ ಲೈಸಿನ್ ಎಂಬ ಅಮೈನೊ ಆಮ್ಲ ಬೇಕು. ಕೊಬ್ಬರಿ ಹಿಂಡಿ ಕೊಡುವುದು ಅದರ ಅರ್ಧದಷ್ಟು. ಮೆಥಿಯೊನಿನ್ ಎಂಬ ಇನ್ನೊಂದು ಅಮೈನೊ ಆಮ್ಲಕ್ಕೂ ಕೊರತೆಯೇ.

ಮಿಕ್ಕರ್ಧ ಬರೀ ಉತ್ಸಾಹ. ಹಿಂಡಿಯ ಮೇಲೆ ಉದುರಿಸಿದ ಲೈಸಿನ್‌ನಲ್ಲಿ ಸಾಕಷ್ಟು ಪಾಲು ಮೀನಿನ ಬಾಯಿಗಿಂತ ಮೊದಲು ನೀರಿಗೆ ಸೇರುತ್ತದೆ. ಗೆಂಡೆಗೆ ಜಠರವೇ ಇಲ್ಲ. ಹಾಗಾಗಿ ಅದು ನುಂಗಿದ ಬಿಡಿ ಅಮೈನೊ ಆಮ್ಲ ಸರ್ರನೆ ರಕ್ತ ಸೇರಿ, ಹಿಂಡಿಯ ಪ್ರೋಟೀನು ಜೀರ್ಣವಾಗುವ ಹೊತ್ತಿಗೆ ಬಹುಪಾಲು ಖರ್ಚಾಗಿರುತ್ತದೆ. ಮದುವೆಗೆ ವಾಲಗದವರು ಹಿಂದಿನ ದಿನವೇ ಬಂದು ಹೋದಂತೆ!

ಇನ್ನೊಂದು ಮಾತು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯದು ತಿನ್ನುವ ಉಂಡೆ ಕೊಬ್ಬರಿ. ಹೆಚ್ಚಿನದು ಉತ್ತರ ಭಾರತಕ್ಕೆ ಹೋಗುತ್ತದೆ. ಮಿಕ್ಕು ಗಾಣಕ್ಕೆ ಬೀಳುವುದರಲ್ಲಿ ಕೌಟು ಕೊಬ್ಬರಿಯೂ ಇರುತ್ತದೆ. ಬೂಷ್ಟು ಹಿಡಿದ ಹಿಂಡಿಯ ಅಫ್ಲಾಟಾಕ್ಸಿನ್ ವಿಷಕ್ಕೆ ಯಾವ ಅಮೈನೊ ಆಮ್ಲವೂ ಮದ್ದಲ್ಲ.

ಮಲ್ಲಾಘಟ್ಟದಂಥ ದೊಡ್ಡ ಕೆರೆಗೆ ಬಿಟ್ಟ ಕಾಟ್ಲಾ, ರೋಹುಗಳಿಗಂತೂ ನೀರಿನ ಪ್ಲವಕಗಳಲ್ಲೇ ಒಳ್ಳೆಯ ಪ್ರೋಟೀನಿದೆ. ಹೊಂಡದಲ್ಲಿ ಒತ್ತಾಗಿ ಸಾಕುವವರು ಪುಡಿಯ ಪೊಟ್ಟಣಕ್ಕೆ ಸುರಿಯುವ ದುಡ್ಡಿನಲ್ಲಿ ಮೊದಲು ಸೋಯಾ ಹಿಂಡಿ ತರಲಿ.