ಬಟ್ಟೆ ಆರಿಸಿಕೊಡುವ ಹುಡುಗಿಗೂ ಫೀಸು ಬೇಡವೇ?

ನಮ್ಮ ಮದುವೆಗಳಲ್ಲಿ ಈಗ ಎಲ್ಲದಕ್ಕೂ ಮುಂಗಡ ಉಂಟು. ಹಾಲ್‌ಗೆ ಮುಂಗಡ, ಬಿರಿಯಾನಿಯವರಿಗೆ ಮುಂಗಡ, ಸ್ಟೇಜ್ ಅಲಂಕಾರದವರಿಗೆ ಮುಂಗಡ, ಮೆಹೆಂದಿ ಹಾಕುವ ಹುಡುಗಿಗೂ ಮುಂಗಡ. ಆದರೆ ಮೂರು ವಾರ ಅಂಗಡಿಯಿಂದ ಅಂಗಡಿಗೆ ಅಲೆದು, ಮದುಮಗಳಿಗೆ ಯಾವ ಬಣ್ಣ, ಉಮ್ಮನಿಗೆ ಯಾವ ಸೀರೆ, ನಾದಿನಿಯ ಉಡುಪಿಗೆ ಯಾವ ಶಾಲು ಎಂದು ಇಡೀ ಮನೆಗೆ ಹೊಂದಿಸಿಕೊಡುವ ಒಬ್ಬಳು ಹುಡುಗಿ ಇರುತ್ತಾಳಲ್ಲ, ಅವಳಿಗೆ ನಾವು ಕೊಡುವುದೇನು? "ಅವಳ ಸೆಲೆಕ್ಷನ್ ಒಳ್ಳೆದುಂಟು ಮಾರಾಯ್ರೆ" ಎಂಬ ಒಂದು ಮಾತು. ಜೊತೆಗೆ ಮುಂದಿನ ಮದುವೆಗೂ ಬರಬೇಕೆಂಬ ಕರೆ.

ಪ್ರತಿ ಕುಟುಂಬದಲ್ಲೂ ಇಂತಹ ಒಬ್ಬಳಿದ್ದಾಳೆ. ದುಬೈಯಲ್ಲಿರುವ ಅತ್ತಿಗೆ ದೇರಾದ ಅಂಗಡಿಯಲ್ಲಿ ನಿಂತು ವೀಡಿಯೊ ಕಾಲ್ ಮಾಡುವುದು ಅವಳಿಗೇ. ಜುಬೈಲ್‌ನಿಂದ ಬರುವ ತಮ್ಮನ ಸೂಟಿನ ಬಣ್ಣ ತೀರ್ಮಾನಿಸುವುದೂ ಅವಳೇ. ಅವಳು ಮಾಡುತ್ತಿರುವ ಈ ಕೆಲಸಕ್ಕೆ ಹೊರಗೆ ಒಂದು ಹೆಸರಿದೆ: ಪರ್ಸನಲ್ ಸ್ಟೈಲಿಸ್ಟ್, ಅಥವಾ ಸ್ಟೈಲ್ ಕನ್ಸಲ್ಟೆಂಟ್. ಬೆಂಗಳೂರು, ಮುಂಬೈ, ದುಬೈಗಳಲ್ಲಿ ಇದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ. ನಮ್ಮಲ್ಲೂ ಇದು ಉದ್ಯೋಗವಾಗಬೇಕು, ಅದಕ್ಕೆ ಫೀಸು ಕೊಡುವ ಅಭ್ಯಾಸ ನಮಗಾಗಬೇಕು ಎಂಬುದು ನನ್ನ ವಾದ.

ಇದರಲ್ಲಿ ಹೊಸತೇನಿಲ್ಲ. ಹಿಂದೆ ಮೈಲಾಂಜಿ ಎಂದರೆ ನೆರೆಮನೆಯ ಹೆಂಗಸರು ಸೇರಿ ಸೊಪ್ಪು ಅರೆದು, ಹಾಡು ಹೇಳುತ್ತಾ ಹಚ್ಚುತ್ತಿದ್ದರು. ಯಾರೂ ಯಾರಿಗೂ ದುಡ್ಡು ಕೊಡುತ್ತಿರಲಿಲ್ಲ. ಇವತ್ತು ಅದೇ ಕೆಲಸದಿಂದ ಎಷ್ಟೋ ಹುಡುಗಿಯರು ಕಾಲೇಜಿನ ಖರ್ಚು ನಿಭಾಯಿಸುತ್ತಿದ್ದಾರೆ. ಅಡುಗೆಯದ್ದೂ ಅದೇ ಕಥೆ. ಊರಿನವರು ಸೇರಿ ಮಾಡುತ್ತಿದ್ದ ಮದುವೆ ಅಡುಗೆ ಈಗ ಗುತ್ತಿಗೆಯ ಕೆಲಸ. ಮೆಹೆಂದಿಗೂ ಅಡುಗೆಗೂ ಬೆಲೆ ಕಟ್ಟಿದ ನಾವು ಈ ಒಂದು ಕೆಲಸವನ್ನು ಮಾತ್ರ "ಮನೆಯ ಹುಡುಗಿ ಅಲ್ವಾ" ಎಂದು ಪುಕ್ಕಟೆ ಇಟ್ಟುಕೊಂಡಿದ್ದೇವೆ.

ಈ ಸಲಹೆಗಾರರು ಟೈಲರ್ ಅಲ್ಲ, ಡಿಸೈನರ್ ಅಲ್ಲ, ಬ್ಯೂಟಿಷಿಯನ್ನೂ ಅಲ್ಲ. ಮೊದಲು ನಿಮ್ಮ ಕಪಾಟು ತೆರೆಸುತ್ತಾರೆ. ಇರುವ ಬಟ್ಟೆಗಳಲ್ಲಿ ಯಾವುದು ಉಪಯೋಗವಾಗುತ್ತಿದೆ, ಯಾವುದು ಸುಮ್ಮನೆ ತೂಗಾಡುತ್ತಿದೆ ಎಂದು ವಿಂಗಡಿಸುತ್ತಾರೆ. ನಿಮ್ಮ ಅಳತೆ, ಕೆಲಸ, ಬಜೆಟ್ ಕೇಳಿಕೊಳ್ಳುತ್ತಾರೆ. ನಂತರ ಏನು ಬೇಕು, ಏನು ಬೇಡ ಎಂಬ ಪಟ್ಟಿ ಮಾಡಿ, ಬೇಕಾದರೆ ಜೊತೆಗೆ ಅಂಗಡಿಗೂ ಬರುತ್ತಾರೆ.

ಅಮೆರಿಕದಲ್ಲಿ ಜಾನ್ ಮೊಲಾಯ್ ಬರೆದ ‘ಡ್ರೆಸ್ ಫಾರ್ ಸಕ್ಸೆಸ್’ 1975ರಲ್ಲಿ ಬಂತು. ಯಾರ ಮೈಬಣ್ಣಕ್ಕೆ ಯಾವ ಬಣ್ಣ ಹೊಂದುತ್ತದೆಂದು ಹೇಳುವ ಕ್ಯಾರೊಲ್ ಜಾಕ್ಸನ್ ಅವರ ‘ಕಲರ್ ಮಿ ಬ್ಯೂಟಿಫುಲ್’ 1980ರಲ್ಲಿ. ಆ ಎರಡು ಪುಸ್ತಕಗಳಿಂದ ಈ ವೃತ್ತಿಗೆ ಒಂದು ರೂಪ ಸಿಕ್ಕಿತು. 1990ರಲ್ಲಿ ಇಮೇಜ್ ಕನ್ಸಲ್ಟೆಂಟ್‌ಗಳ ಅಂತರರಾಷ್ಟ್ರೀಯ ಸಂಘವೂ ಹುಟ್ಟಿತು. ನಮ್ಮ ಉಡುಪಿನ ಕಡೆಗೆ ದೊಡ್ಡ ಕಂಪೆನಿಗಳ ಕಣ್ಣು ಬಿದ್ದದ್ದು ಇತ್ತೀಚೆಗೆ. ಯೂನಿಕ್ಲೊ 2015ರಲ್ಲಿ ಹನಾ ತಾಜಿಮಾ ಅವರ ಜೊತೆ ಸೇರಿ ಮೈಮುಚ್ಚುವ ಉಡುಪುಗಳನ್ನು ತಂದಿತು. ಇಟಲಿಯ ಡೊಲ್ಚೆ ಅಂಡ್ ಗಬ್ಬಾನಾ 2016ರಲ್ಲಿ ಅಬಾಯಾ ತಂದಿತು. ನೈಕಿ 2017ರಲ್ಲಿ ಆಟಗಾರ್ತಿಯರ ಹಿಜಾಬ್ ಘೋಷಿಸಿತು. ನಮ್ಮ ಉಡುಪಿನಿಂದ ಅವರು ದುಡಿಯಬಹುದಾದರೆ, ಆ ಉಡುಪನ್ನು ಹುಟ್ಟಿದಂದಿನಿಂದ ಕಂಡ ನಮ್ಮ ಹುಡುಗಿಯರು ಯಾಕೆ ದುಡಿಯಬಾರದು?

ಇನ್ನು ಆಕ್ಷೇಪಕ್ಕೆ ಬರುವ. "ಇದೆಲ್ಲ ದುಂದುವೆಚ್ಚ. ಮೊದಲೇ ಮದುವೆಗಳಲ್ಲಿ ಹಣ ಚೆಲ್ಲುತ್ತಿದ್ದೇವೆ, ಈಗ ಸಲಹೆಗೂ ಫೀಸಾ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. 25,000 ರೂಪಾಯಿಯ ಲೆಹೆಂಗಾವನ್ನು ಒಂದೇ ದಿನ ಉಟ್ಟು ಕಪಾಟಿಗೆ ಸೇರಿಸಿದರೆ ಆ ಒಂದು ದಿನದ ಬೆಲೆ 25,000. 6,000ದ ಒಂದು ಉಡುಪನ್ನು ಶಾಲು ಬದಲಾಯಿಸಿ 20 ಸಲ ಉಟ್ಟರೆ ಒಂದು ಸಲಕ್ಕೆ ಬೀಳುವುದು 300 ರೂಪಾಯಿ. ಒಳ್ಳೆಯ ಸಲಹೆಗಾರ್ತಿ ಮೊದಲು ಹೇಳಿಕೊಡುವುದೇ ಈ ಲೆಕ್ಕ. "ಇದು ನಿಮಗೆ ಬೇಡ, ನಿಮ್ಮಲ್ಲಿ ಇರುವುದೇ ಸಾಕು" ಎಂದು ಹೇಳುವ ಧೈರ್ಯ ಅವಳಿಗಿರಬೇಕು. ಅಂಗಡಿಯವರು ಆ ಮಾತು ಹೇಳುವುದಿಲ್ಲ, ಹೇಳಿದರೆ ಅವರ ಹೊಟ್ಟೆ ತುಂಬುವುದಿಲ್ಲ. ನೆಂಟರು ದಾಕ್ಷಿಣ್ಯಕ್ಕೆ ಸುಮ್ಮನಿರುತ್ತಾರೆ. ಫೀಸು ತೆಗೆದುಕೊಂಡವಳು ಮಾತ್ರ ಹೇಳಬಲ್ಲಳು.

ಆದರೆ ಒಂದು ಶರ್ತ ಉಂಟು. ಅವಳ ಫೀಸು ಗಿರಾಕಿಯಿಂದಲೇ ಬರಬೇಕು, ಅಂಗಡಿಯಿಂದಲ್ಲ. ಈ ಕೆಲಸಕ್ಕೆ ಇಳಿದ ಕೂಡಲೇ ಅಂಗಡಿಯವರು ಕಮಿಷನ್ ಮಾತಾಡುತ್ತಾರೆ. "ಗಿರಾಕಿ ಕರೆತನ್ನಿ, ಬಿಲ್ಲಿನಲ್ಲಿ ಇಷ್ಟು ನಿಮಗೆ" ಎನ್ನುತ್ತಾರೆ. ಅದಕ್ಕೆ ಒಪ್ಪಿದ ಮರುದಿನದಿಂದ ಅವಳು ಆ ಅಂಗಡಿಯ ಸೇಲ್ಸ್‌ಗರ್ಲ್. 4,000ದ ಅಬಾಯಾ ಸಾಕು ಎಂದು ಹೇಳಬೇಕಾದಲ್ಲಿ ಅವಳ ನಾಲಿಗೆ 9,000ದ ಕಡೆಗೆ ತಿರುಗುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ದುಡ್ಡು ಪಡೆದು ಬಟ್ಟೆ ಹೊಗಳುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮಂತಹ ಸಮುದಾಯದಲ್ಲಿ ಮಾರ್ಗಸೂಚಿಗಿಂತ ದೊಡ್ಡದು ಬಾಯಿಮಾತು. ಒಂದು ಮನೆಯಲ್ಲಿ ಮೋಸ ಆಯಿತೆಂದರೆ ಸಂಜೆಯೊಳಗೆ ಉಳ್ಳಾಲದಿಂದ ಬಂಟ್ವಾಳದವರೆಗೆ ಸುದ್ದಿ.

ಎರಡನೆಯ ಆತಂಕ ಮರ್ಯಾದೆಯದ್ದು. ಇದನ್ನು ತಳ್ಳಿಹಾಕುವಂತಿಲ್ಲ. ಈ ವೃತ್ತಿಯವರು ತಮ್ಮ ಕೆಲಸ ತೋರಿಸುವುದೇ ಗಿರಾಕಿಗಳ ಫೋಟೊ ಮೂಲಕ. ನಮ್ಮ ಹೆಣ್ಮಕ್ಕಳ ಫೋಟೊ, ಅದೂ ಮನೆಯೊಳಗೆ ಬಟ್ಟೆ ಹಾಕಿ ನೋಡುವಾಗ ತೆಗೆದದ್ದು, ಬೇರೆಯವರ ಮೊಬೈಲಿನಲ್ಲಿ ಇರುವುದು ಯಾರಿಗೂ ಸರಿಬರುವುದಿಲ್ಲ. ಇದಕ್ಕೆ ದಾರಿ ಸರಳ. ಗಿರಾಕಿಯ ಫೋಟೊ ತೆಗೆಯದಿರುವುದು. ಉಡುಪನ್ನು ಹಾಸಿಗೆಯ ಮೇಲೆ ಹರಡಿಯೋ ಗೊಂಬೆಗೆ ತೊಡಿಸಿಯೋ ತೋರಿಸುವುದು. ಅಳತೆ, ಬಣ್ಣ, ಬಟ್ಟೆಯ ವಿವರವನ್ನು ಪುಸ್ತಕದಲ್ಲಿ ಬರೆದಿಡುವುದು. ಹೀಗೆ ನೋಡಿದರೆ ನಮ್ಮ ಹುಡುಗಿಯರಿಗೆ ಇಲ್ಲಿ ಅನುಕೂಲವೇ ಹೆಚ್ಚು. ಹೊರಗಿನ ಸ್ಟೈಲಿಸ್ಟ್‌ಗೆ ತೆರೆಯದ ಕೋಣೆಯ ಬಾಗಿಲು ಇವಳಿಗೆ ತೆರೆಯುತ್ತದೆ. ಶಾಲನ್ನು ಎಷ್ಟು ಉದ್ದ ಇಟ್ಟರೆ ತಲೆಯೂ ಎದೆಯೂ ಮುಚ್ಚಿ ಕೆಲಸಕ್ಕೂ ತೊಂದರೆಯಾಗುವುದಿಲ್ಲ ಎಂಬುದು ಇವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮದುವೆಯನ್ನೇ ನಂಬಿ ಕೂರಬೇಕಾಗಿಯೂ ಇಲ್ಲ. ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಯುವ ವೈದ್ಯೆ, ಕೋರ್ಟಿಗೆ ಹೋಗುವ ವಕೀಲೆ, ಬೆಂಗಳೂರಿನ ಐಟಿ ಕಂಪೆನಿಯ ಹುಡುಗಿ, ಇವರೆಲ್ಲ ಹಿಜಾಬಿನ ಜೊತೆ ದಿನನಿತ್ಯ ಏನು ಉಡುವುದೆಂದು ತಲೆಕೆಡಿಸಿಕೊಳ್ಳುತ್ತಾರೆ. ಗಲ್ಫಿಗೆ ಇಂಟರ್‌ವ್ಯೂಗೆ ಹೊರಟ ಹುಡುಗನಿಗೆ ಭುಜ ಸರಿಯಾಗಿ ಕೂರುವ ಒಂದು ಶರ್ಟು, ಒಂದು ಜೊತೆ ಶೂ ಎಷ್ಟು ಮುಖ್ಯ ಎಂದು ಹೇಳುವವರಿಲ್ಲ. ಗಂಡುಮಕ್ಕಳಿಗೂ ಇಲ್ಲಿ ಕೆಲಸ ಉಂಟು ಎಂಬುದನ್ನು ರೆಡಿಮೇಡ್ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರು ಗಮನಿಸಬೇಕು.

ಕಲಿಯುವುದು ಹೇಗೆ? ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕೆಂದಿಲ್ಲ. ಪೂರ್ಣ ಪದವಿಯೇ ಬೇಕೆನ್ನುವವರಿಗೆ ಕೇಂದ್ರ ಜವಳಿ ಸಚಿವಾಲಯದ ಅಧೀನದ ನಿಫ್ಟ್ ಸಂಸ್ಥೆ ಬೆಂಗಳೂರಿನಲ್ಲಿದೆ. ನಮಗೆ ಹತ್ತಿರದ ಕಣ್ಣೂರಿನಲ್ಲೂ 2008ರಿಂದ ಇದೆ. ಆದರೆ ಹತ್ತು ದಿನದಲ್ಲಿ ‘ಅಂತರರಾಷ್ಟ್ರೀಯ’ ಸರ್ಟಿಫಿಕೇಟ್ ಕೊಡುತ್ತೇವೆಂದು ದೊಡ್ಡ ಮೊತ್ತ ಕೇಳುವವರ ಬಗ್ಗೆ ಹುಷಾರಾಗಿರಿ. ಅದಕ್ಕಿಂತ ಆರು ತಿಂಗಳು ಒಳ್ಳೆಯ ಟೈಲರ್ ಪಕ್ಕ ಕುಳಿತು ನೋಡಿ. ಭುಜ ಎಲ್ಲಿ ಬರಬೇಕು, ಡಾರ್ಟ್ ಯಾಕೆ ಹಾಕುತ್ತಾರೆ, ಯಾವ ಬಟ್ಟೆ ಬಿಚ್ಚಿ ದೊಡ್ಡದು ಮಾಡಬಹುದು ಎಂದು ಕಲಿಯಿರಿ. ಬಟ್ಟೆಯ ಗುಣ ಕಲಿಯಿರಿ. ದುಬೈಯ ಎಸಿ ಮಾಲ್‌ನಲ್ಲಿ ಚಂದ ಕಾಣುವ ದಪ್ಪ ಪಾಲಿಯೆಸ್ಟರ್ ಅಬಾಯಾ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಏನಾಗುತ್ತದೆ ಎಂದು ತಿಳಿದವಳ ಸಲಹೆಗೆ ಬೆಲೆ.

ಒಂದು ಮಾತನ್ನು ಮಾತ್ರ ಯಾವ ಕೋರ್ಸಿನವರೂ ಒತ್ತಿ ಹೇಳಲಾರರು. "ಕಪ್ಪಗಿದ್ದಾಳೆ, ಈ ಬಣ್ಣ ಅವಳಿಗಾಗದು" ಎಂಬ ಮಾತು ಕೇಳಿ ಕೇಳಿ ನೊಂದ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟು. ದಪ್ಪ ಇರುವವರನ್ನು ಅಂಗಡಿಯಲ್ಲೇ ನಾಲ್ಕು ಜನರೆದುರು ತಮಾಷೆ ಮಾಡುತ್ತೇವೆ. ದುಡ್ಡು ಕೊಟ್ಟು ಸಲಹೆ ಕೇಳಲು ಬಂದವರು ಅದನ್ನೇ ಇನ್ನೊಮ್ಮೆ ಕೇಳಿ ಹೋಗುವಂತಾದರೆ ಈ ವೃತ್ತಿಯೇ ಬೇಡ. ಮೈಯನ್ನು ಬಟ್ಟೆಗೆ ಹೊಂದಿಸುವುದಲ್ಲ, ಬಟ್ಟೆಯನ್ನು ಮೈಗೆ ಹೊಂದಿಸುವುದು ಇವಳ ಕೆಲಸ.

ಬಂಡವಾಳದ ವಿಷಯದಲ್ಲಿ ಇದರಷ್ಟು ಹಗುರವಾದ ಕೆಲಸ ಕಡಿಮೆ. ಒಂದು ಅಳತೆ ಟೇಪು, ಒಂದು ಮೊಬೈಲು, ಒಂದು ನೋಟ್‌ಬುಕ್ಕು. ಕೇಂದ್ರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ ನಿಜ. ಆದರೆ ಬಡ್ಡಿ ಬೇಡ ಎನ್ನುವ ಮನೆಗಳಿಗೆ ಸಾಲದ ಗೊಡವೆಯೇ ಇಲ್ಲದೆ ಶುರುಮಾಡಬಹುದು. ಉದ್ಯಮ್ ನೋಂದಣಿ ಉಚಿತ, ಆಧಾರ್ ಇದ್ದರೆ ಮನೆಯಲ್ಲೇ ಕುಳಿತು ಮಾಡಬಹುದು. ಅದಕ್ಕೆಂದು ದುಡ್ಡು ಕೇಳುವ ವೆಬ್‌ಸೈಟುಗಳಿಂದ ದೂರವಿರಿ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿಯ ಚಿಂತೆಯೂ ಇಲ್ಲ. ಏನೇನು ಮಾಡಿಕೊಡುತ್ತೇನೆ, ಎಷ್ಟು ಗಂಟೆ, ಎಷ್ಟು ಫೀಸು ಎಂಬುದನ್ನು ಮೊದಲೇ ಬರೆದು ಕೊಟ್ಟುಬಿಟ್ಟರೆ ಆಮೇಲೆ ನೆಂಟರೊಡನೆ ಮುಖ ಕೆಡುವುದಿಲ್ಲ.

ಗಂಡನ ಜೊತೆ ಗಲ್ಫಿಗೆ ಹೋದರೂ ಈ ಕೈಕೆಲಸ ಜೊತೆಗೇ ಬರುತ್ತದೆ. ಆದರೆ ಅಲ್ಲಿ ಸರಿಯಾದ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ, ಅದನ್ನು ವಿಚಾರಿಸಿಯೇ ಮುಂದುವರಿಯಬೇಕು. ಸಂಪಾದನೆ ತಿಂಗಳು ತಿಂಗಳು ಒಂದೇ ಸಮ ಇರುತ್ತದೆಂದೂ ಎಣಿಸಬೇಡಿ. ರಮಝಾನ್‌ಗೆ ಮೊದಲು, ಈದ್ ನಂತರ, ಗಲ್ಫಿನವರು ರಜೆಗೆ ಬರುವಾಗ ಕೈತುಂಬ ಕೆಲಸ. ಜೋರು ಮಳೆಗಾಲದಲ್ಲಿ ಖಾಲಿ ಕೂರಬೇಕಾದೀತು.

ಮನೆಯ ಯಜಮಾನರಿಗೆ ಇನ್ನೊಂದು ಮಾತು ಹೇಳಲೇಬೇಕು. "ಮನೆಯಲ್ಲೇ ಮಾಡಬಹುದಾದ ಕೆಲಸ ಉಂಟಲ್ಲ, ಹಾಗಾದರೆ ಹೊರಗೆ ಯಾಕೆ ಹೋಗುವುದು?" ಎಂದು ಹೇಳುವುದಕ್ಕೆ ಈ ಲೇಖನವನ್ನು ಬಳಸಬೇಡಿ. ಲೆಕ್ಕಪರಿಶೋಧಕಿ ಆಗಬೇಕೆಂದು ಆಸೆಪಟ್ಟವಳಿಗೆ ಅಳತೆ ಟೇಪು ಕೊಟ್ಟು ಕೂರಿಸುವುದು ಅನ್ಯಾಯ. ಇದು ಬಣ್ಣ, ಬಟ್ಟೆ, ಜನ ಇವುಗಳಲ್ಲಿ ನಿಜವಾದ ಆಸಕ್ತಿ ಇರುವವರ ದಾರಿ. ಅಂಥವರ ಡಿಗ್ರಿ ಸರ್ಟಿಫಿಕೇಟು ಮದುವೆಯ ನಂತರ ಕಪಾಟಿನೊಳಗೆ ಸೇರಿದ್ದರೆ, ಅವರಿಗೆ ಇದೊಂದು ಬಾಗಿಲು. ಹೆಣ್ಣು ದುಡಿದದ್ದು ಹೆಣ್ಣಿನದ್ದೇ ಎಂದು ನಮ್ಮ ದೀನ್ ಹೇಳುತ್ತದೆ. ಮೊದಲ ಫೀಸು ಬಂದಾಗ ಅದನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವಳು ಅವಳೇ ಆಗಿರಲಿ.

ಮುಂದಿನ ಮದುವೆಗೆ ನೀವು ಬಜೆಟ್ ಬರೆಯುವಾಗ ಹಾಲ್, ಅಡುಗೆ, ಮೆಹೆಂದಿಯ ಕೆಳಗೆ ಇನ್ನೊಂದು ಸಾಲು ಸೇರಿಸಿ. ಚಿಕ್ಕ ಮೊತ್ತವೇ ಆದರೂ ಸರಿ, ಮೊದಲೇ ಮಾತಾಡಿ, ಮುಂಗಡವಾಗಿ ಅವಳ ಕೈಗೆ ಕೊಡಿ. ನೆಂಟಳಾದರೂ ಸರಿ. ನೆಂಟಳಾದರೆ ಇನ್ನೂ ಸರಿ.