ಗುಜರಿಗೆ ಹಾಕುವ ಮೊದಲು ಒಂದು ಜೀಪು ಉಳಿಸಿರಿ

 

ವಿಜಯಪುರದ ಮಲಿಕ್-ಎ-ಮೈದಾನ ತೋಪನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಮುಟ್ಟಿ ಬೇಡಿಕೊಂಡರೆ ಕೆಲಸ ಆಗುತ್ತದೆ ಅಂತ ಅದರ ಮೇಲೆ ಕೈಯನ್ನೂ ಇಟ್ಟಿದ್ದೇವೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪಿನ ತೂಕ 55 ಟನ್. ಆದರೆ ಒಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. 1854ರಲ್ಲಿ ಬ್ರಿಟಿಷರ ಕಾಲದಾಗ ಇದನ್ನು ಲಿಲಾವಿಗೆ ಇಟ್ಟಿದ್ದರು. ಬಂದ ಬೆಲೆ ಬರೇ 150 ರೂಪಾಯಿ! ಯಾಕೋ ಏನೋ ಕೊನೆಗೆ ಆ ಲಿಲಾವು ರದ್ದಾಯಿತು. ಆಗದೇ ಹೋಗಿದ್ದರೆ ಇಂದು ಬುರುಜಿನ ಮೇಲೆ ಬರೇ ಗಾಳಿ ಇರುತ್ತಿತ್ತು.

ಈಗ ಅಂಥದೇ ಲಿಲಾವು ಸಣ್ಣ ಪ್ರಮಾಣದಾಗ ಎಲ್ಲಾ ಕಡೆ ನಡೆದಿದೆ. 2023ರ ಏಪ್ರಿಲ್ 1ರಿಂದ ಬಂದ ಕೇಂದ್ರ ಸರಕಾರದ ನಿಯಮದ ಪ್ರಕಾರ 15 ವರ್ಷ ದಾಟಿದ ಸರಕಾರಿ ಗಾಡಿಗಳ ನೋಂದಣಿ ರದ್ದಾಗುತ್ತದೆ. ಅವು ಗುಜರಿಗೆ ಹೋಗಬೇಕು. ಹಳೆ ಗಾಡಿ ಹೊಗೆ ಉಗುಳುತ್ತದೆ, ನಡುದಾರಿಯಲ್ಲಿ ಕೈ ಕೊಡುತ್ತದೆ. ಆದ್ದರಿಂದ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಹಾಕಬ್ಯಾಡ್ರಿ. ಜಿಲ್ಲೆಗೆ ಒಂದು ಹಳೆ ಪೊಲೀಸ್ ಜೀಪು, ಒಂದು ಹಳೆ ಅಗ್ನಿಶಾಮಕ ಗಾಡಿ ಉಳಿಸಿರಿ. ಕರ್ತವ್ಯದ ಮೇಲೆ ಪ್ರಾಣ ಬಿಟ್ಟವರ ನೆನಪಿಗೆ ಅವನ್ನು ಇಡಿರಿ. ಇದೇ ನನ್ನ ಅಭಿಪ್ರಾಯ.

ಯಾಕ ಅಂತ ಕೇಳಿದರೆ, ನಮಗೆ ದಿನಗಳು ಗೊತ್ತಿವೆ, ಮನುಷ್ಯರು ಗೊತ್ತಿಲ್ಲ. ಅಕ್ಟೋಬರ್ 21 ಪೊಲೀಸ್ ಹುತಾತ್ಮರ ದಿನ. 1959ರ ಆ ದಿನ ಲಡಾಖದ ಹಾಟ್ ಸ್ಪ್ರಿಂಗ್ಸ್ ಎಂಬ ಜಾಗದಲ್ಲಿ ಚೀನಾ ಸೈನ್ಯದ ಗುಂಡಿಗೆ ನಮ್ಮ 10 ಪೊಲೀಸರು ಬಲಿಯಾದರು. ಆಗ ಆ ಚಳಿಯ ಗಡಿಯನ್ನು ಕಾಯುತ್ತಿದ್ದವರು ಪೊಲೀಸರೇ. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರ ಆ ದಿನ ಮುಂಬೈ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಆರಿಸಲು ಹೋದವರಲ್ಲಿ 66 ಮಂದಿ ಸಿಡಿತದಲ್ಲಿ ತೀರಿಕೊಂಡರು. ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತದಲ್ಲೇ ಇತ್ತು. ಅಂದ ಮೇಲೆ ಅವರೂ ನಮ್ಮವರೇ. ಈ ಎರಡೂ ದಿನಗಳಂದು ಜಿಲ್ಲಾ ಕೇಂದ್ರದಲ್ಲಿ ಗೌರವ ಸಲ್ಲುತ್ತದೆ. ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ಟಿಕೋಟಾ, ಬಬಲೇಶ್ವರದ ಹಳ್ಳಿ ಹುಡುಗರಿಗೆ ಮುಟ್ಟುವುದು ಅಷ್ಟೇ.

ದಿಲ್ಲಿಯಲ್ಲಿ 2018ರ ಅಕ್ಟೋಬರ್ 21ರಂದು ರಾಷ್ಟ್ರೀಯ ಪೊಲೀಸ್ ಸ್ಮಾರಕ ಆಯಿತು. ಅದರ ಗೋಡೆಯ ಮೇಲೆ ಮೂವತ್ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಒಳ್ಳೆಯದೇ. ಆದರೆ ದಿಲ್ಲಿಗೆ ಹೋಗಿ ಓದುವವರು ಯಾರು? ಕಲ್ಲು ನಮ್ಮ ಊರಿಗೆ ಬರೂದಿಲ್ಲ. ಗಾಡಿ ಬರತೈತಿ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇನೆ. ಪಿ. ಶ್ರೀನಿವಾಸ್ ಎಂಬ ಅರಣ್ಯ ಅಧಿಕಾರಿ ವೀರಪ್ಪನ್‌ನ ಊರಾದ ಗೋಪಿನಾಥಂನಲ್ಲಿ ಜನರಿಗೆ ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಶರಣಾಗುತ್ತೇನೆ ಎಂದು ವೀರಪ್ಪನ್ ಹೇಳಿ ಕಳಿಸಿದ ಮಾತನ್ನು ನಂಬಿ ಕೈಯಲ್ಲಿ ಆಯುಧ ಇಲ್ಲದೇ ಹೋದರು. 1991ರ ನವೆಂಬರ್ 10ರಂದು ಅವರನ್ನು ಮೋಸದಿಂದ ಕೊಂದ. ಸರಕಾರ ಅವರಿಗೆ ಕೀರ್ತಿಚಕ್ರ ಕೊಟ್ಟಿತು. ಅವರು ಓಡಾಡುತ್ತಿದ್ದ ಜೀಪನ್ನು ಇಲಾಖೆಯವರು ದುರಸ್ತಿ ಮಾಡಿ ನೆನಪಿಗಾಗಿ ಕಾಯ್ದಿಟ್ಟಿದ್ದಾರೆ. ಮರುವರ್ಷ, 1992ರ ಆಗಸ್ಟ್ 14ರಂದು, ಅದೇ ವೀರಪ್ಪನ್‌ನ ಗುಂಡಿಗೆ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಬಲಿಯಾದರು. ಕೀರ್ತಿಚಕ್ರ ಪೆಟ್ಟಿಗೆಯಲ್ಲಿ ಇರುತ್ತದೆ. ಜೀಪು ಕಣ್ಣ ಮುಂದೆ ನಿಲ್ಲುತ್ತದೆ. ಇದೇ ಸೀಟಿನ ಮೇಲೆ ಒಬ್ಬ ಮನುಷ್ಯ ಕುಂತಿದ್ದ, ಇದೇ ಸ್ಟೇರಿಂಗ್ ಹಿಡಿದಿದ್ದ ಅಂತ ಗೊತ್ತಾದಾಗ ಪಾಠದಲ್ಲಿ ಓದಿದ್ದು ಮೈಗೆ ತಾಕುತ್ತದೆ.

ಇದನ್ನು ಹೇಳಿದಾಗ ನನ್ನ ಗೆಳೆಯರು ಮೂರು ತಕರಾರು ತೆಗೆದರು.

ಮೊದಲನೆಯದು: "ಪೊಲೀಸ್ ಗಾಡಿ ಅಂದ್ರ ಮಂದಿ ಹೆದರತಾರ, ಅದಕ್ಕೇನು ಹಾರ ಹಾಕೂದು?" ಈ ಮಾತು ಸುಳ್ಳಲ್ಲ. "ಸುಮ್ನ ಉಣ್ಣು, ಇಲ್ಲಂದ್ರ ಪೊಲೀಸರು ಬರ್ತಾರ ನೋಡು" ಅಂತ ಹೇಳಿಸಿಕೊಂಡು ಬೆಳೆದವರೇ ನಾವೆಲ್ಲ. ಲಾಠಿ ಏಟು ಸುಮ್ಮಸುಮ್ಮನೆ ತಿಂದವರೂ ಇರಬಹುದು. ಹಾಗಂತ ಕೆರೆಗೆ ಬಿದ್ದವನನ್ನು ಎತ್ತಲು ಹೋಗಿ ಸತ್ತ ಪೇದೆಯನ್ನು ಮರೆಯಬೇಕೇ? ಕೆಟ್ಟದ್ದನ್ನು ಕೇಳುವ ಹಕ್ಕು ನಮಗಿದೆ, ಒಳ್ಳೆಯದನ್ನು ನೆನೆಯುವ ಕರ್ತವ್ಯವೂ ಇದೆ. ಹೆದರಿಕೆಯ ಗಾಡಿಯ ಹತ್ತಿರ ಹುಡುಗರು ಹೋಗಿ ಹೆಸರು ಓದಿದರೆ, ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಎರಡನೆಯದು: "ಆ ರೊಕ್ಕ ಸತ್ತವರ ಹೆಂಡತಿ ಮಕ್ಕಳಿಗೆ ಕೊಡಬಾರದೇನು?" ಕೊಡಲೇಬೇಕು, ಅದೇ ಮೊದಲು. ಆದರೆ ಹಳೆ ಜೀಪು ಹೊಸದಾಗಿ ಕೊಳ್ಳುವುದಲ್ಲ, ಇದ್ದದ್ದನ್ನು ಮಾರದೇ ಇಡುವುದು. ಒಂದು ತಗಡಿನ ನೆರಳು, ಒಂದಿಷ್ಟು ಬಣ್ಣ ಸಾಕು.

ಮೂರನೆಯದು: "ನೋಂದಣಿ ಹೋದ ಗಾಡಿ ರಸ್ತೆ ಮ್ಯಾಲೆ ಹೆಂಗ ಬರತೈತಿ?" ಇದು ಬುದ್ಧಿವಂತರ ಪ್ರಶ್ನೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬೇರೆ ನಿಯಮ ಬಂದಿದೆ. ಅಷ್ಟು ಹಳೆಯದಲ್ಲದ ಜೀಪನ್ನು ಓಡಿಸುವುದು ಬೇಡ. ಗಣಪತಿಯನ್ನು ತರುವ ಹಾಗೆ ಲಾರಿಯ ಮೇಲೆ ಇಟ್ಟುಕೊಂಡು ತರಲಿ.

ನನ್ನ ಸೂಚನೆಗಳು ಇಷ್ಟೇ:

1) ಜೀಪಿನ ಪಕ್ಕದಲ್ಲಿ ನಮ್ಮ ಜಿಲ್ಲೆಯಿಂದ ತೀರಿಹೋದ ಪೊಲೀಸರು, ಅಗ್ನಿಶಾಮಕರು, ಅರಣ್ಯ ರಕ್ಷಕರು, ಗೃಹರಕ್ಷಕರು ಇವರೆಲ್ಲರ ಹೆಸರು, ಊರು, ಇಸವಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಎಸ್.ಪಿ. ಸಾಹೇಬರಿಗೂ ಪೇದೆಗೂ ಒಂದೇ ಅಳತೆಯ ಅಕ್ಷರ ಇರಬೇಕು.

2) ವರ್ಷಕ್ಕೆ ಎರಡು ಸಲ, ಅಕ್ಟೋಬರ್ 21 ಮತ್ತು ಏಪ್ರಿಲ್ 14ರ ಹೊತ್ತಿಗೆ, ಗಾಡಿಗಳು ಟಿಕೋಟಾಕ್ಕೂ ಬಬಲೇಶ್ವರಕ್ಕೂ ಬರಬೇಕು. ಹೆಸರುಗಳನ್ನು ಶಾಲೆಯ ಮಕ್ಕಳೇ ಓದಬೇಕು. ಭಾಷಣ ಹತ್ತು ಮಿನಿಟು ಮೀರಬಾರದು.

3) ಬಂದ ಗಾಡಿ ಸುಮ್ಮನೆ ನಿಲ್ಲಬಾರದು. ಬೆಂಕಿ ಬಿದ್ದರೆ ಏನು ಮಾಡಬೇಕು, 112ಕ್ಕೆ ಫೋನ್ ಮಾಡಿ ಊರು, ದಾರಿ ಹೇಗೆ ಹೇಳಬೇಕು ಎಂಬುದನ್ನು ಅಂದೇ ಕಲಿಸಬೇಕು.

ಕೊನೆಯ ಮಾತು ನಮಗೇ ಸೇರಿದ್ದು. 2024ರ ಏಪ್ರಿಲ್ 3ರಂದು ನಮ್ಮ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ತೆರೆದ ಬೋರಿಗೆ ಬಿತ್ತು. ಪೊಲೀಸರು, ಅಗ್ನಿಶಾಮಕರು, ವಿಪತ್ತು ಪಡೆಯವರು ರಾತ್ರಿಯೆಲ್ಲ ಪಕ್ಕದಲ್ಲಿ ಗುಂಡಿ ತೋಡಿದರು. ಕಲ್ಲು ಅಡ್ಡ ಬಂದರೂ ಬಿಡಲಿಲ್ಲ. ಸುಮಾರು 20 ತಾಸಿನ ಮೇಲೆ ಮರುದಿನ ಮಧ್ಯಾಹ್ನ ಕೂಸು ಜೀವಂತ ಹೊರಗೆ ಬಂತು. ಅಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಕೆಟ್ಟ ಬೋರನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಮುಚ್ಚಿದ್ದರೆ ಅಷ್ಟು ಮಂದಿ ಮಣ್ಣಿನೊಳಗೆ ಇಳಿದು ತಮ್ಮ ಜೀವ ಒತ್ತೆ ಇಡುವ ಪ್ರಸಂಗವೇ ಬರುತ್ತಿರಲಿಲ್ಲ.

ಆದ್ದರಿಂದ ಜೀಪು ಉಳಿಸುವುದು ಸರಕಾರದ ಕೆಲಸ. ನಮ್ಮ ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ಬಾಯಿ ತೆರೆದ ಬೋರು ಮುಚ್ಚುವುದು ನಮ್ಮ ಮನೆಯವರ ಕೆಲಸ. ಕಾಪಾಡಲು ಬರುವವನು ಸಾಯದಂತೆ ನೋಡಿಕೊಳ್ಳುವುದು ಅವನಿಗೆ ಹಾಕುವ ಹಾರಕ್ಕಿಂತ ದೊಡ್ಡದು. ಮುಂದಿನ ಸಂಚಿಕೆಯೊಳಗೆ ನಿಮ್ಮ ನಿಮ್ಮ ಓಣಿಯ ತೆರೆದ ಬೋರುಗಳನ್ನು ಎಣಿಸಿ ತಂದು ಕೊಡಿರಿ. ಪಟ್ಟಿ ಮಾಡಿ ಇದೇ ಗೋಡೆಯ ಮೇಲೆ ಹಚ್ಚೋಣ. ನನ್ನ ಅಭಿಪ್ರಾಯ ಒಪ್ಪದವರು ಅದನ್ನೂ ಬರೆದು ಕೊಡಬಹುದು, ಜಾಗ ಐತಿ.